ಅನಿಲ ಸಿಕ್ಕ ಮೇಲೂ ಎಲ್‌ಎನ್‌ಜಿ ರಫ್ತಿಗೆ ಇಷ್ಟು ವರ್ಷ ಏಕೆ?

ಪ್ರಶ್ನೆ (ಕಾರವಾರದಿಂದ):
ಎಲ್ಲರಿಗೂ ನಮಸ್ಕಾರ. ವೆಲ್ಡಿಂಗ್ ಕಲಿತಿರುವ ನನ್ನ ತಮ್ಮ ವಿದೇಶದ ಎಲ್‌ಎನ್‌ಜಿ (ಹಡಗಿನಲ್ಲಿ ಸಾಗಿಸಲು ತಣಿಸಿ ದ್ರವವಾಗಿಸಿದ ನೈಸರ್ಗಿಕ ಅನಿಲ) ರಫ್ತು ಸ್ಥಾವರಗಳಲ್ಲಿ ಕೆಲಸ ಹುಡುಕುತ್ತಿದ್ದಾನೆ. ಆಫ್ರಿಕಾದ ಮೊಜಾಂಬಿಕ್‌ನ ಕಡಲಾಳದಲ್ಲಿ 2010ರಲ್ಲೇ ಭಾರೀ ಅನಿಲ ನಿಕ್ಷೇಪ ಸಿಕ್ಕಿತ್ತು, ನಮ್ಮ ಸರ್ಕಾರಿ ತೈಲ ಕಂಪನಿಗಳಿಗೂ ಅದರಲ್ಲಿ ಪಾಲಿದೆ. ಆದರೂ ದಡದ ಮೇಲಿನ ಸ್ಥಾವರದ ಕೆಲಸ 2021ರಲ್ಲಿ ನಿಂತುಹೋಯಿತು. ಇಂಥ ಯೋಜನೆಗಳು ಏಕಿಷ್ಟು ನಿಧಾನ? ಯಾವುದು ನಿಜವಾಗಿ ಮೇಲೇಳುತ್ತದೆ, ಯಾವುದು ಕಾಗದದಲ್ಲೇ ಉಳಿಯುತ್ತದೆ ಎಂದು ಮುಂಚಿತವಾಗಿ ತಿಳಿಯುವ ದಾರಿಯಿದೆಯೇ?

ಉತ್ತರ 1 (ಶಿರಸಿಯಿಂದ):
ಎರಡನೆಯ ಪ್ರಶ್ನೆಯೇ ಮುಖ್ಯ. ನೆಲದಡಿ ಎಷ್ಟು ಅನಿಲವಿದೆ ಎನ್ನುವುದಕ್ಕಿಂತ, ಕೊಳ್ಳುವವರು ದೀರ್ಘಾವಧಿ ಒಪ್ಪಂದಕ್ಕೆ ಸಹಿ ಹಾಕಿದ್ದಾರೆಯೇ ಎನ್ನುವುದನ್ನು ನೋಡಿ. ಮೊಜಾಂಬಿಕ್ ಯೋಜನೆಯ ಅಂದಾಜು ವೆಚ್ಚವೇ ಸುಮಾರು 2,000 ಕೋಟಿ ಡಾಲರ್. ಅಷ್ಟು ಸಾಲ ಕೊಡುವ ಬ್ಯಾಂಕುಗಳು ಹದಿನೈದಿಪ್ಪತ್ತು ವರ್ಷಗಳ ಖರೀದಿ ಖಾತ್ರಿಯನ್ನು ಕೇಳುತ್ತವೆ, ಅದು ಕೈಗೆ ಬಂದ ಮೇಲಷ್ಟೇ ಅಂತಿಮ ಹೂಡಿಕೆ ನಿರ್ಧಾರ ಹೊರಬೀಳುತ್ತದೆ. ಅಲ್ಲಿ ಆ ನಿರ್ಧಾರವಾದದ್ದು 2019ರ ಜೂನ್‌ನಲ್ಲಿ. ಅಮೆರಿಕದ ಸಬೀನ್ ಪಾಸ್ ಇನ್ನೂ ಸ್ಪಷ್ಟ ಉದಾಹರಣೆ: ಆಮದಿಗೆಂದು ಕಟ್ಟಿದ್ದ ಆ ಟರ್ಮಿನಲ್ಲನ್ನು ರಫ್ತಿಗೆ ತಿರುಗಿಸುವ ಕಾಮಗಾರಿ ಶುರುವಾಗುವ ಮೊದಲೇ, 2011ರಲ್ಲಿ, ನಮ್ಮ ಸರ್ಕಾರಿ ಅನಿಲ ಸಂಸ್ಥೆ ಗೇಲ್ ವರ್ಷಕ್ಕೆ 35 ಲಕ್ಷ ಟನ್ ಕೊಳ್ಳಲು ಸಹಿ ಹಾಕಿತ್ತು. ಅಲ್ಲಿಂದ ಮೊದಲ ರಫ್ತು 2016ರಲ್ಲಿ ಹೊರಟಿತು. ಗೇಲ್‌ನ ಮೊದಲ ಹಡಗು ಮಹಾರಾಷ್ಟ್ರದ ದಾಭೋಳಕ್ಕೆ ಬಂದದ್ದು 2018ರಲ್ಲಿ.

ಉತ್ತರ 2 (ಹೊನ್ನಾವರದವನು, ಈಗ ಕೊಲ್ಲಿಯಲ್ಲಿ ಉದ್ಯೋಗ):
ಸಹಿಯಾದ ಮೇಲೂ ಕಟ್ಟಲು ನಾಲ್ಕೈದು ವರ್ಷ ಬೇಕು. ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ಅದರ ಗಾತ್ರ ಸುಮಾರು 600 ಪಟ್ಟು ಕುಗ್ಗುತ್ತದೆ. ಆದರೆ ತಣಿಸುವ ಮೊದಲು ನೀರು ಮತ್ತು ಇಂಗಾಲದ ಡೈಆಕ್ಸೈಡ್ ತೆಗೆಯದಿದ್ದರೆ ಅವು ಗಟ್ಟಿಯಾಗಿ ಕೊಳವೆಗಳನ್ನು ಕಟ್ಟಿಬಿಡುತ್ತವೆ. ಪಾದರಸದ ಅಂಶ ಉಳಿದರೆ ಅನಿಲವನ್ನು ತಣಿಸುವ ಅಲ್ಯೂಮಿನಿಯಂ ಶಾಖ ವಿನಿಮಯಕವನ್ನೇ ತಿಂದುಹಾಕುತ್ತದೆ. ತಮ್ಮನಿಗೆ ಸಂಬಂಧಿಸಿದ ಮಾತು ಇನ್ನೊಂದಿದೆ. ಆ ಚಳಿಯಲ್ಲಿ ಸಾಮಾನ್ಯ ಉಕ್ಕು ಪೆಡಸಾಗಿ ಬಿರುಕು ಬಿಡುವುದರಿಂದ ದೊಡ್ಡ ಟ್ಯಾಂಕುಗಳ ಒಳಗೋಡೆಗೆ ಶೇ 9ರಷ್ಟು ನಿಕ್ಕಲ್ ಬೆರೆತ ಉಕ್ಕನ್ನೇ ಬಳಸುತ್ತಾರೆ, ಅದರ ಬೆಸುಗೆಗಳನ್ನು ಎಕ್ಸ್‌ರೇ ತೆಗೆದು ಪರೀಕ್ಷಿಸುತ್ತಾರೆ. ಇಲ್ಲಿ ಸಾಧಾರಣ ಗೇಟು, ಗ್ರಿಲ್ಲು ಮಾಡಿದ ಅನುಭವ ಸಾಲದು. ಪೈಪ್ ವೆಲ್ಡಿಂಗ್‌ನ 6ಜಿ ಪರೀಕ್ಷೆಯನ್ನು (ಓರೆಯಾಗಿ, ಕದಲದಂತೆ ನಿಲ್ಲಿಸಿದ ಕೊಳವೆಯನ್ನು ಸುತ್ತಲೂ ಬೆಸೆಯುವ ಪರೀಕ್ಷೆ) ಅವನು ಮೊದಲು ಪಾಸು ಮಾಡಿಕೊಳ್ಳಲಿ.

ಉತ್ತರ 3 (ಕಾರವಾರ, ಬೈತಖೋಲದಿಂದ):
ಸಹಿ, ಸಾಲ ಎರಡೂ ಇದ್ದು ಮೊಜಾಂಬಿಕ್ ನಿಂತದ್ದು ಭದ್ರತೆಯಿಂದ. 2021ರ ಮಾರ್ಚ್‌ನಲ್ಲಿ ಸ್ಥಾವರದ ಬಳಿಯ ಪಾಲ್ಮಾ ಪಟ್ಟಣದ ಮೇಲೆ ಉಗ್ರರ ದಾಳಿಯಾಯಿತು, ಅನೇಕರು ಸತ್ತರು, ಊರಿಗೆ ಊರೇ ಓಡಿಹೋಯಿತು. ಏಪ್ರಿಲ್‌ನಲ್ಲಿ ಯೋಜನೆ ನಡೆಸುತ್ತಿದ್ದ ಕಂಪನಿ ಕೆಲಸ ನಿಲ್ಲಿಸಿತು. ಅದೇ ಕಡಲಲ್ಲಿ, ದಡದಿಂದ ದೂರವಿರುವ ಕೋರಲ್ ಸುಲ್ ಎಂಬ ತೇಲುವ ಸ್ಥಾವರದಿಂದ 2022ರ ನವೆಂಬರ್‌ನಲ್ಲಿ ರಫ್ತು ಶುರುವಾಯಿತು. ಆದುದರಿಂದ ಕೆಲಸದ ಪತ್ರ ಬಂದಾಗ ಒಪ್ಪಂದ, ಹೂಡಿಕೆ ನಿರ್ಧಾರಗಳ ಜತೆಗೆ ಸ್ಥಾವರ ಯಾವ ಊರಲ್ಲಿದೆ, ವಸತಿ ಎಲ್ಲಿ, ಗಲಭೆಯಾದರೆ ನೌಕರರನ್ನು ಹೊರಗೆ ಕರೆತರುವ ಹೊಣೆ ಯಾರದು ಎಂಬುದನ್ನೂ ನಿಮ್ಮ ತಮ್ಮ ಬರವಣಿಗೆಯಲ್ಲೇ ಕೇಳಿ ಪಡೆಯಲಿ.