ಪದಚರ್ಚೆ: ‘ಆಂಟಿಸೆಮಿಟಿಸಂ’ಗೆ ಕನ್ನಡದಲ್ಲಿ ಏನನ್ನೋಣ? (ಗುರುವಾರ ಅಚ್ಚಿಗೆ)

ನಮಸ್ಕಾರ. ಅಮೆರಿಕದ ಹೈಸ್ಕೂಲೊಂದರ ಯಹೂದಿ ವಿದ್ಯಾರ್ಥಿಗಳು ಶಾಲಾ ಮಂಡಳಿಯ ಅಧಿಕಾರಿಗಳಿಗಾಗಿ ಎರಡು ಪುಟದ ಕೈಪಿಡಿ ಬರೆದಿದ್ದಾರೆ. ಆಂಟಿಸೆಮಿಟಿಸಂ, ಅಂದರೆ ಯಹೂದಿಗಳ ಮೇಲಿನ ಹಗೆ, ತರಗತಿಯಲ್ಲಿ, ಬಸ್ಸಿನಲ್ಲಿ, ಗ್ರೂಪ್ ಚಾಟಿನಲ್ಲಿ ಹೇಗೆ ಕಾಣಿಸುತ್ತದೆ, ದೂರು ಬಂದರೆ ಏನೇನು ಬರೆದಿಟ್ಟುಕೊಳ್ಳಬೇಕು ಅನ್ನುವ ವಿವರ ಅದರಲ್ಲಿದೆ. ಪೋಷಕರಿಗೂ ಹಂಚುವುದರಿಂದ ಕನ್ನಡದ ಪ್ರತಿ ಬೇಕು. ಸದ್ಯ ‘ಯಹೂದಿ ವಿರೋಧ’ ಅಂತ ಹಾಕಿದ್ದೇನೆ, ಸಮಾಧಾನವಿಲ್ಲ. ‘ಹಾಸ್ಟೈಲ್ ಎನ್ವಿರಾನ್‌ಮೆಂಟ್’, ‘ಶೇರ್ಡ್ ಆನ್ಸೆಸ್ಟ್ರಿ’ಗೂ ಪದ ಬೇಕು.
– ವಿ.

‘ವಿರೋಧ’ ಬೇಡವೇ ಬೇಡ. ವಿರೋಧ ಬಜೆಟ್ಟಿಗೂ ಇರುತ್ತದೆ, ಮಸೂದೆಗೂ ಇರುತ್ತದೆ. ಇಸ್ರೇಲ್ ಸರ್ಕಾರದ ನೀತಿ ತಪ್ಪು ಅಂದ ಹುಡುಗನೂ, ಯಹೂದಿ ಸಹಪಾಠಿಯ ಮುಂದೆ ಚಿಲ್ಲರೆ ಎಸೆದು ‘ಹೆಕ್ಕಿಕೋ’ ಅಂದ ಹುಡುಗನೂ ಆ ಒಂದೇ ಪದದಡಿ ಬರುತ್ತಾರೆ. ಅಧಿಕಾರಿಗಳು ಎಡವುವುದೇ ಇಲ್ಲಿ. ಹೋಲೊಕಾಸ್ಟ್ ಸ್ಮರಣೆಯ ಅಂತರರಾಷ್ಟ್ರೀಯ ಒಕ್ಕೂಟದ 2016ರ ವ್ಯಾಖ್ಯೆ ಇಸ್ರೇಲ್ ಟೀಕೆಗೂ ದ್ವೇಷಕ್ಕೂ ನಡುವೆ ಒಂದು ಕಡೆ ಗೆರೆ ಎಳೆದರೆ, 2021ರ ಜೆರುಸಲೇಂ ಘೋಷಣೆ ಇನ್ನೊಂದು ಕಡೆ ಎಳೆಯುತ್ತದೆ. ಆ ವಾದವನ್ನು ಅನುವಾದಕರು ಒಂದು ಪದದಲ್ಲಿ ತೀರ್ಮಾನಿಸಿಬಿಡಬಾರದು. ‘ಯಹೂದಿದ್ವೇಷ’ ಅನ್ನಿ.
– ಜಿ.ಎನ್.

ದ್ವೇಷ ಯಾರದ್ದು? ಷಷ್ಠೀ ತತ್ಪುರುಷ ಮಾಡಿದರೆ ದ್ವೇಷಿಸುವವರು ಯಹೂದಿಗಳೇ ಆಗುತ್ತಾರೆ. ಮೂಲವನ್ನು ನೋಡಿ. ನೋಹನ ಮಗ ಶೇಮ್. ಗ್ರೀಕಿನಲ್ಲಿ ಶಕಾರವಿಲ್ಲದ್ದರಿಂದ ‘ಸೇಮ್’ ಆಯಿತು, ನಮ್ಮ ಬೈಬಲಿನಲ್ಲಿ ‘ಶೇಮ್’ ಎಂದೇ ಉಳಿದಿದೆ. 1781ರಲ್ಲಿ ಜರ್ಮನ್ ವಿದ್ವಾಂಸ ಶ್ಲೋಟ್ಸರ್ ಆ ಹೆಸರನ್ನು ಹೀಬ್ರೂ, ಅರಬ್ಬಿ ಭಾಷೆಗಳ ಕುಟುಂಬಕ್ಕೆ ಇಟ್ಟ, ಅದೇ ‘ಸೆಮಿಟಿಕ್’. ‘ಶೇಮೀಯದ್ವೇಷ’ವೇ ಸರಿ.
– ಹೆಚ್.

ಮೂಗಿಗಿಂತ ಮೂಗುತಿ ಭಾರ. 1879ರಲ್ಲಿ ಜರ್ಮನ್ ಬರಹಗಾರ ವಿಲ್‌ಹೆಲ್ಮ್ ಮಾರ್ ಈ ಮಾತನ್ನು ಚಲಾವಣೆಗೆ ತಂದಾಗ ಅವನ ಸಿಟ್ಟು ಅರಬ್ಬಿ ವ್ಯಾಕರಣದ ಮೇಲಿರಲಿಲ್ಲ, ಯಹೂದಿಗಳ ಮೇಲಿತ್ತು. ಹಳೆಯ ಹಗೆಗೆ ಜನಾಂಗಶಾಸ್ತ್ರದ ಬಣ್ಣ ಬಳಿದ, ಅಷ್ಟೆ. ‘ಅರಬ್ಬರೂ ಸೆಮೈಟರೇ, ಹಾಗಾಗಿ ಇದು ಆಂಟಿಸೆಮಿಟಿಸಂ ಅಲ್ಲ’ ಎಂಬ ಹುಸಿವಾದಕ್ಕೆ ‘ಶೇಮೀಯ’ ಬಾಗಿಲು ತೆರೆಯುತ್ತದೆ. ಇಂಗ್ಲಿಷಿನಲ್ಲೂ ಅಡ್ಡಗೆರೆ ಬಿಟ್ಟು ಒಂದೇ ಪದವಾಗಿ ಬರೆಯಿರಿ ಅನ್ನುವುದು ಇದಕ್ಕೇ. ಸ್ತ್ರೀದ್ವೇಷ ಅಂದಾಗ ಸ್ತ್ರೀಯರು ಮಾಡುವ ದ್ವೇಷ ಅಂತ ಯಾರು ಓದುತ್ತಾರೆ?
– ಜಿ.ಎನ್.

ಸಂಸ್ಕೃತ ಏಕೆ? ‘ಯಹೂದಿಹಗೆ’ ಅಚ್ಚಕನ್ನಡ.
– ಎಂ.

‘ಯಹೂದಿ’ ಯಾವ ಅಚ್ಚಕನ್ನಡ? ಹೀಬ್ರೂ ಮೂಲದ್ದು.
– ಹೆಚ್.

ಹಾಗಾದರೆ ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸದ ದೋಷವೂ ಇಲ್ಲ. ಎರವಲು ಪದದ ಮಗ್ಗುಲಲ್ಲಿ ಸಂಸ್ಕೃತವೇ ಕೂರಬೇಕೆಂದು ವ್ಯಾಕರಣಕಾರ ಕೇಶಿರಾಜ ಹೇಳಿಲ್ಲ.
– ಎಂ.

ಕೇಳಿದವರಿಗೆ ಬೇಕಾದ್ದನ್ನು ಹೇಳೋಣ. ಅಮೆರಿಕದ 1964ರ ನಾಗರಿಕ ಹಕ್ಕು ಕಾಯ್ದೆಯ 6ನೇ ಅಧ್ಯಾಯದಲ್ಲಿ ಜನಾಂಗ, ಬಣ್ಣ, ರಾಷ್ಟ್ರಮೂಲ ಇವೆ, ಮತ ಇಲ್ಲ. ಯಹೂದಿ ವಿದ್ಯಾರ್ಥಿಗಳಿಗೆ ರಕ್ಷಣೆ ಸಿಗುವುದು ‘ಶೇರ್ಡ್ ಆನ್ಸೆಸ್ಟ್ರಿ’ಯ ಮೂಲಕ. ಅದನ್ನು ‘ಒಂದೇ ವಂಶಮೂಲ’ ಅನ್ನಿ. ‘ಮತದ್ವೇಷ’ ಅಂತ ಬರೆದರೆ ದೂರಿನ ಆಧಾರವೇ ಹೋಯಿತು. ‘ಪ್ರತಿಕೂಲ ವಾತಾವರಣ’ ಹವಾಮಾನ ವರದಿಯಂತಿದೆ, ‘ಓದಿಗೆ ಅಡ್ಡಿಯಾಗುವಷ್ಟು ಕಿರುಕುಳದ ವಾತಾವರಣ’ ಅನ್ನಿ. ಕಾನೂನು ಅಳೆಯುವುದೂ ಅದನ್ನೇ. ದಿನಾಂಕ, ಜಾಗ, ಆಡಿದ ಮಾತು ಅಕ್ಷರಶಃ, ಯಾರಿಗೆ ಯಾವಾಗ ತಿಳಿಸಿದರು, ಶಾಲೆ ಏನು ಮಾಡಿತು: ಇಷ್ಟೂ ಬೇಕು. ‘ಅವಹೇಳನ ಮಾಡಿದರು’ ಎಂದಷ್ಟೇ ಬರೆದರೆ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕು ಕಚೇರಿಗೆ ದೂರು ಕೊಡಲು ಸಾಮಾನ್ಯವಾಗಿ 180 ದಿನ.

ಇನ್ನೊಂದು. ಬೆಂಚಿನ ಮೇಲೆ ಕೈವಾರದ ಮೊನೆಯಿಂದ ಗೀರಿದ ಗುರುತಿಗೆ ಬರೀ ‘ಸ್ವಸ್ತಿಕ’ ಎಂದು ಹಾಕಬೇಡಿ. ಹೊಸ್ತಿಲಲ್ಲಿ ಅರಿಶಿನ ಕುಂಕುಮದಿಂದ ಅದನ್ನೇ ಬರೆಯುವ ಮನೆಯವರಿಗೆ ದಿಕ್ಕು ತಪ್ಪುತ್ತದೆ. ‘ನಾಜಿ ಚಿಹ್ನೆ’ ಅನ್ನಿ, ಜೊತೆಗೆ ಜರ್ಮನ್ ಹೆಸರು ‘ಹಾಕನ್‌ಕ್ರಾಯ್ಟ್ಸ್’, ಅಂದರೆ ಕೊಕ್ಕೆಶಿಲುಬೆ. ಕ್ಯಾಲಿಫೋರ್ನಿಯಾದ 2022ರ ಕಾನೂನೂ ಆ ಹೆಸರನ್ನು ಬಳಸಿದೆ. ಫೋಟೊ ತೆಗೆದ ಮೇಲೆಯೇ ಅಳಿಸಬೇಕು ಅನ್ನುವುದು ದಪ್ಪಕ್ಷರದಲ್ಲಿರಲಿ. ಮೊದಲೇ ಒರೆಸಿಬಿಟ್ಟರೆ ಸಾಕ್ಷ್ಯ ಉಳಿಯುವುದಿಲ್ಲ.
– ಎಸ್.

ಎಲ್ಲರಿಗೂ ವಂದನೆ. ಶೀರ್ಷಿಕೆಗೆ ‘ಯಹೂದಿದ್ವೇಷ’, ಮೊದಲ ವಾಕ್ಯದಲ್ಲಿ ‘ಯಹೂದಿಗಳ ಮೇಲಿನ ದ್ವೇಷ’ ಎಂದು ಬಿಡಿಸಿ ಬರೆಯುತ್ತೇನೆ, ಹೆಚ್. ಅವರ ಆಕ್ಷೇಪಕ್ಕೂ ಉತ್ತರವಾಯಿತು. ಬುಧವಾರ ರಾತ್ರಿಯೊಳಗೆ ಯಾರಾದರೂ ಕರಡು ಓದಿಕೊಡುವುದಾದರೆ ಕಳಿಸುತ್ತೇನೆ.
– ವಿ.

‘ಯಹೂದಿ’ ಅಲ್ಲ, ‘ಯೆಹೂದಿ’.
– ಹೆಚ್.