ಮುಳುಗಿ ಹಿಡಿಯುವ ಲಾಬ್‌ಸ್ಟರಿಗೆ ‘ತಲೆಗೆ ಆರು’ ಎಂಬ ಮಿತಿ: ಇದರ ಹಿಂದಿನ ಲೆಕ್ಕ ಏನು?

ಕೆಲಗೇರಿ ದಂಡೆಯವ, ಧಾರವಾಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಈಜು ಕಲಿತದ್ದು ಅಣ್ಣಿಗೇರಿ ಹತ್ತಿರದ ನಮ್ಮ ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಸಮುದ್ರದ ಪರಿಚಯವೆಂದರೆ ಗೋಕರ್ಣಕ್ಕೆ ಹೋದಾಗ ಮಂಡಿಮಟ್ಟ ನೀರಿನಲ್ಲಿ ನಿಂತು ಬರುವಷ್ಟೇ ಇತ್ತು. ಕಳೆದ ಜುಲೈಯಲ್ಲಿ ಮಗಳ ಮನೆಗೆಂದು ಫ್ಲೋರಿಡಾಕ್ಕೆ ಹೋದಾಗ ಅಳಿಯನ ಒತ್ತಾಯಕ್ಕೆ ಅಲ್ಲಿಯ ಕೀಸ್ ದ್ವೀಪಗಳ ಬಳಿ ಎರಡು ದಿನ ಲಾಬ್‌ಸ್ಟರ್ (ಏಡಿ, ಸಿಗಡಿಗಳ ಬಳಗದ ಗಟ್ಟಿ ಚಿಪ್ಪಿನ ಕಡಲ ಪ್ರಾಣಿ) ಹಿಡಿಯಲು ನೀರಿಗಿಳಿದೆ. ಅಂದಿನಿಂದ ತಲೆಯಲ್ಲಿ ಕೊರೆಯುತ್ತಿರುವ ಕೆಲವು ಸಂಶಯಗಳನ್ನು ಇಲ್ಲಿ ಮುಂದಿಡುತ್ತಿದ್ದೇನೆ.

ಅಲ್ಲಿಯ ನಿಯಮ ಹೀಗಿದೆ. ಹಿಡಿಯುವ ಋತು ಆಗಸ್ಟ್ 6ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದಕ್ಕೂ ಮುಂಚೆ, ಜುಲೈ ತಿಂಗಳ ಕೊನೆಯ ಬುಧವಾರ ಮತ್ತು ಗುರುವಾರ ಹವ್ಯಾಸಿಗಳಿಗೆಂದೇ ಬಿಟ್ಟ ಎರಡು ದಿನಗಳಿವೆ. ಮೀನುಗಾರಿಕೆಯ ಪರವಾನಗಿಯ ಮೇಲೆ ಲಾಬ್‌ಸ್ಟರಿಗೆಂದು ಇನ್ನೊಂದು ಚೀಟಿ ಪಡೆಯಬೇಕು. ಕೀಸ್ ಭಾಗದಲ್ಲಿ ಒಬ್ಬರಿಗೆ ದಿನಕ್ಕೆ 6. ಬೆನ್ನಚಿಪ್ಪಿನ ಉದ್ದ 3 ಇಂಚಿಗಿಂತ ಹೆಚ್ಚಿರಬೇಕು, ಅದನ್ನು ನೀರಿನೊಳಗೇ ಅಳೆಯಬೇಕು, ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣನ್ನು ತೆಗೆಯುವಂತಿಲ್ಲ, ಈಟಿ ಕೊಕ್ಕೆಗಳನ್ನು ಬಳಸುವಂತಿಲ್ಲ. ನಾವು ನಾಲ್ವರಿದ್ದೆವು, ಎರಡು ದಿನಕ್ಕೆ 48 ಹಿಡಿಯಬಹುದಿತ್ತು, ದೋಣಿಗೆ ಬಂದದ್ದು 17.

ನಾನು ಹಿಡಿದದ್ದು ಒಂದೇ, ಅದೂ ಉಳಿಯಲಿಲ್ಲ. ಎಂಟು ಅಡಿ ಆಳದಲ್ಲಿ ಬಂಡೆಯ ಚಾಚಿನ ಕೆಳಗಿನಿಂದ ಎರಡು ಉದ್ದ ಮೀಸೆಗಳು ಹೊರಗೆ ಅಲ್ಲಾಡುತ್ತಿದ್ದವು. ಅಳಿಯ ಕೋಲಿನಿಂದ ಬಾಲದ ಬಳಿ ಮೆಲ್ಲಗೆ ಕೆಣಕಿದ; ಅದು ಬಲೆಯತ್ತ ಬರುವಷ್ಟರಲ್ಲಿ ನಾನು ಅವಸರಪಟ್ಟು ಕೈಯಿಂದಲೇ ಹಿಡಿದೆ. ಅದು ಕಾಲುಗಳನ್ನು ಕಲ್ಲಿಗೆ ಊರಿ ನಿಂತಿತು, ನಾನು ಜಗ್ಗಿದೆ. ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಅಳತೆಪಟ್ಟಿಯನ್ನು ಹಿಡಿದು ನೋಡಿದಾಗ ಚಿಪ್ಪು ಪಟ್ಟಿಯ ಬಾಯಿಯೊಳಗೆ ಸಲೀಸಾಗಿ ಕುಳಿತಿತು, ಅಂದರೆ ಗಿಡ್ಡ. ಬಿಟ್ಟುಬಿಟ್ಟೆ. ಮೇಲೆ ಬಂದು ನೋಡಿದರೆ ಅದರ ಒಂದು ಕಾಲು ನನ್ನ ಕೈಗವುಸಿನಲ್ಲಿ ಸಿಕ್ಕಿಕೊಂಡಿತ್ತು.

ನನ್ನ ಮೊದಲ ಪ್ರಶ್ನೆ, ಈ ಆರು ಎಂಬ ಸಂಖ್ಯೆ ಎಲ್ಲಿಂದ ಬಂತು? ಸಮುದ್ರದಲ್ಲಿ ಇಷ್ಟಿವೆ, ಆದ್ದರಿಂದ ತಲೆಗೆ ಇಷ್ಟು ಎಂದು ಭಾಗಿಸಿದ್ದಾರೆಯೇ? ಹಾಗಿದ್ದರೆ ಭಾಜಕವೇ ಗೊತ್ತಿಲ್ಲವಲ್ಲ, ಏಕೆಂದರೆ ಆ ದಿನ ಎಷ್ಟು ಜನ ಬರುತ್ತಾರೆ ಎಂಬುದಕ್ಕೆ ಯಾವ ಮಿತಿಯನ್ನೂ ನಾನು ಕಾಣಲಿಲ್ಲ. ಇನ್ನು, ಕಾಲು ಕಳೆದುಕೊಂಡ ಆ ಪ್ರಾಣಿ ಬದುಕೀತೇ? ಕೊನೆಯದಾಗಿ, ನನ್ನ ಕಥೆ ಕೇಳಿದ ಹುಬ್ಬಳ್ಳಿಯ ಗೆಳೆಯರು ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಹೋಗಿ ಅಲ್ಲಿಯ ನೇತ್ರಾಣಿ ದ್ವೀಪದ ಬಳಿ ಮುಳುಗುವಾಗ ‘ಒಂದೆರಡು ನೋಡೋಣ’ ಎನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ವರದಾ ತೀರ, ಹಾವೇರಿ

ಗುರುಗಳಿಗೆ ನಮಸ್ಕಾರ. ಒಳನಾಡು ಮೀನುಗಾರಿಕೆಯಲ್ಲಿ, ಅದರಲ್ಲೂ ಮೀನುಮರಿ ಸಾಕಣೆಯಲ್ಲಿ ಕೆಲಸ ಮಾಡಿದವನು ನಾನು. ಭಾಜಕವಿಲ್ಲ ಎಂಬ ನಿಮ್ಮ ಗುಮಾನಿ ಸರಿಯಾಗಿಯೇ ಇದೆ. ತಲೆಗೆ ಇಷ್ಟು ಎಂಬ ಮಿತಿ ಹಿಡಿದ ಮಾಲನ್ನು ಜನರ ನಡುವೆ ಹಂಚುತ್ತದೆ, ಒಬ್ಬನೇ ದೋಣಿ ತುಂಬಿಕೊಂಡು ಹೋಗುವುದನ್ನು ತಡೆಯುತ್ತದೆ. ಒಟ್ಟು ಎಷ್ಟು ಹೋಯಿತು ಎಂಬುದನ್ನು ಅದು ತಾನಾಗಿಯೇ ಕಟ್ಟಿಹಾಕುವುದಿಲ್ಲ. ನೂರು ಜನ ಬಂದರೆ 600, ಹತ್ತು ಸಾವಿರ ಜನ ಬಂದರೆ 60,000. ಪ್ರಾಣಿಯನ್ನು ನಿಜವಾಗಿ ಕಾಯುತ್ತಿರುವುದು ನಿಮ್ಮ ಮಣಿಕಟ್ಟಿನ ಆ ಅಳತೆಪಟ್ಟಿ ಮತ್ತು ಮೊಟ್ಟೆಯ ನಿಯಮ.

ಇದನ್ನು ನಮ್ಮ ಕಡೆಯ ಏಡಿಯಿಂದ ಆರಂಭಿಸಿದರೆ ಸುಲಭ. ಹಾನಗಲ್ಲ ಸೀಮೆಯ ಭತ್ತದ ಗದ್ದೆಗಳಲ್ಲಿ ಮಳೆಗಾಲದಲ್ಲಿ ಏಡಿ ಹಿಡಿದವರಿಗೆ ಗೊತ್ತಿದೆ: ಹೆಣ್ಣೇಡಿಯ ಹೊಟ್ಟೆಯ ಮುಚ್ಚಳ ಎತ್ತಿದರೆ ಒಳಗೆ ಸಾಸಿವೆಯಷ್ಟು ಮರಿಗಳು, ಎಂಟು ಕಾಲುಗಳ ಸಮೇತ, ಮುಕುರಿಕೊಂಡಿರುತ್ತವೆ. ಗದ್ದೆಯ ಏಡಿಯ ಮೊಟ್ಟೆಯೊಡೆದು ಬರುವುದು ಪೂರ್ಣ ಏಡಿಯೇ. ಅದು ಇಳಿಯುವುದು ಅದೇ ಬದುವಿನ ಕೆಸರಿಗೆ. ಆದ್ದರಿಂದ ನಿಮ್ಮ ಗದ್ದೆಯ ಹೆಣ್ಣೇಡಿಯನ್ನು ನೀವು ಬಿಟ್ಟರೆ ಮುಂದಿನ ವರ್ಷದ ಫಲ ನಿಮ್ಮ ಗದ್ದೆಗೇ ಸಿಗುತ್ತದೆ. ಹಳೆಯ ಜನ ಮರಿ ಹೊತ್ತ ಏಡಿಯನ್ನು ಮರಳಿ ನೀರಿಗೆ ಬಿಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಎಲ್ಲರೂ ಹಾಗೆ ಮಾಡುತ್ತಿದ್ದರು ಎಂದು ಮಾತ್ರ ಹೇಳಲಾರೆ.

ನೀವು ಹಿಡಿದ ಕೆರಿಬಿಯನ್ ಮುಳ್ಳು ಲಾಬ್‌ಸ್ಟರಿನ ಬಾಳು ಇದಕ್ಕೆ ತೀರ ವಿರುದ್ಧವಾದುದು. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ಹೊಟ್ಟೆಯಡಿ ಹೊರುತ್ತದೆ, ಮೈ ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಹೊಸ ಮೊಟ್ಟೆ ಕಿತ್ತಳೆ ಬಣ್ಣ, ಬಿರಿಯುವ ಹೊತ್ತಿಗೆ ಕಂದು. ಅದರಿಂದ ಹೊರಬರುವ ಮರಿ ಚಪ್ಪಟೆಯಾದ, ಗಾಜಿನಂತೆ ಪಾರದರ್ಶಕವಾದ, ಎಲೆಯಂಥ ಜೀವಿ. ಅದು ತಿಂಗಳುಗಟ್ಟಲೆ ತೆರೆದ ಸಮುದ್ರದಲ್ಲಿ ಪ್ರವಾಹ ಒಯ್ದಲ್ಲಿಗೆ ತೇಲುತ್ತದೆ. ಫ್ಲೋರಿಡಾದ ಹೆಣ್ಣಿನ ಮರಿ ಎಲ್ಲಿಯೋ ನೆಲೆ ನಿಲ್ಲಬಹುದು, ಫ್ಲೋರಿಡಾದಲ್ಲಿ ಬೆಳೆಯುವ ಮರಿ ಕೆರಿಬಿಯನ್ನಿನ ಬೇರೊಂದು ದೇಶದ ಕರಾವಳಿಯಿಂದ ಬಂದಿರಬಹುದು. ಹೀಗಾಗಿ ಅಲ್ಲಿ ಮೊಟ್ಟೆ ಹೊತ್ತ ಹೆಣ್ಣನ್ನು ಕಾಯುವವನು ಕಾಯುತ್ತಿರುವುದು ತನ್ನ ಗದ್ದೆಯನ್ನಲ್ಲ, ಯಾರದೋ ಗದ್ದೆಯನ್ನು. ಅವನ ಗದ್ದೆಗೆ ಬೀಜ ಬರಬೇಕಾದರೆ ಯಾರೋ ಕಾಣದವರು ಅಲ್ಲಿ ಕಾದಿರಬೇಕು. ಒಂದು ಊರಿನ ದಿನದ ಮಿತಿಯನ್ನು ಆರರಿಂದ ನಾಲ್ಕಕ್ಕೆ ಇಳಿಸಿದರೆ ಅದೇ ಊರಿಗೆ ಎಷ್ಟು ಲಾಭ ಎಂದು ಲೆಕ್ಕ ಹಾಕುವುದು ಕಷ್ಟವಾಗುವುದು ಇದಕ್ಕೇ.

ಕಾಲಿನ ಬಗ್ಗೆ ಹೇಳುವುದಾದರೆ, ಅದು ಬದುಕುವ ಸಂಭವ ಚೆನ್ನಾಗಿಯೇ ಇದೆ. ಏಡಿಯಂತೆ ಇದೂ ಚಿಪ್ಪು ಕಳಚುವಾಗ ಕಳೆದ ಕಾಲನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ಆದರೆ ಮೈ ಬೆಳೆಯಲು ಹೋಗಬೇಕಾದ ಶಕ್ತಿ ಕಾಲು ಬೆಳೆಯಲು ಹೋಗುವುದರಿಂದ ಅದು ಮೂರು ಇಂಚು ಮುಟ್ಟುವುದು ತಡವಾಗುತ್ತದೆ, ಗಾಯದ ವಾಸನೆಗೆ ಬೇಟೆಗಾರ ಮೀನುಗಳೂ ಬರುತ್ತವೆ. ಹಿಡಿದು ಬಿಟ್ಟದ್ದನ್ನು ಯಾರ ಆರರಲ್ಲಿಯೂ ಎಣಿಸುವುದಿಲ್ಲ ಎಂಬುದೇ ಈ ಮಿತಿಯ ದೊಡ್ಡ ತೂತು. ಕೋಲು ಮತ್ತು ಬಲೆ ಬಳಸುವುದು ಶಿಷ್ಟಾಚಾರಕ್ಕಲ್ಲ ಗುರುಗಳೇ, ಕಾಲು ಉಳಿಯಲಿ ಎಂದು.

ಪರ್ತ್‌ನಿಂದ ಮರಳಿದವ, ಹುಬ್ಬಳ್ಳಿ

ಮೇಲಿನ ಹಿರಿಯರು ಹೇಳಿದ್ದಕ್ಕೆ ಪಶ್ಚಿಮ ಆಸ್ಟ್ರೇಲಿಯದ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಒಂಬತ್ತು ವರ್ಷ ಕೆಲಸಕ್ಕಿದ್ದೆ, ಬೇಸಿಗೆಯ ವಾರಾಂತ್ಯಗಳಲ್ಲಿ ಮುಳುಗಿಯೂ ಇದ್ದೇನೆ. ಅಲ್ಲಿಯ ಲಾಬ್‌ಸ್ಟರಿಗೆ ಕನಿಷ್ಠ ಅಳತೆ 76 ಮಿಲಿಮೀಟರ್, ಹೆಚ್ಚೂಕಡಿಮೆ ನಿಮ್ಮ ಮೂರು ಇಂಚೇ.

ಅಲ್ಲಿ ಕಂಡ ಜಾಣತನವೆಂದರೆ ಮರಿಗಳನ್ನು ಮುಂಚಿತವಾಗಿಯೇ ಎಣಿಸುವುದು. ತೇಲುವ ಬಾಳು ಮುಗಿಸಿ ದಡದ ಕಡೆ ಈಜಿ ಬರುವ ಬಣ್ಣವಿಲ್ಲದ ಪುಟ್ಟ ಲಾಬ್‌ಸ್ಟರುಗಳು ಪಾಚಿಯಲ್ಲಿ ಅಡಗುತ್ತವೆ. ಕೃತಕ ಪಾಚಿಯ ಜೂಲು ಕಟ್ಟಿದ ಚೌಕಟ್ಟುಗಳನ್ನು ದಡದ ಹತ್ತಿರ ಲಂಗರು ಹಾಕಿ, ತಿಂಗಳಿಗೊಮ್ಮೆ ಎತ್ತಿ ಕೊಡವಿ, ಎಷ್ಟು ಮರಿ ಬಂದಿವೆ ಎಂದು ಲೆಕ್ಕ ಇಡುತ್ತಾರೆ. ಈ ಕೆಲಸ 1960ರ ದಶಕದ ಕೊನೆಯಿಂದ ನಡೆದಿದೆ. ಇಂದು ಬಂದ ಮರಿ ಹಿಡಿಯುವ ಗಾತ್ರಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕಾದ್ದರಿಂದ, ಮುಂದಿನ ಸುಗ್ಗಿ ಹೇಗಿದ್ದೀತು ಎಂಬುದು ಅಷ್ಟು ಮೊದಲೇ ತಿಳಿಯುತ್ತದೆ. ನಮ್ಮಲ್ಲಿ ರೋಹಿಣಿ ಮಳೆ ನೋಡಿ ಮುಂಗಾರಿನ ಬೆಳೆ ಅಂದಾಜು ಮಾಡುವ ಹಾಗೆ, ಆದರೆ ಅದಕ್ಕಿಂತ ಗಟ್ಟಿಯಾದ ಆಧಾರದ ಮೇಲೆ.

2008-09ರ ಋತುವಿನಲ್ಲಿ ಮರಿಗಳ ಲೆಕ್ಕ ಹಿಂದೆಂದೂ ಕಾಣದಷ್ಟು ಕುಸಿಯಿತು. ಆ ಹೊತ್ತಿಗೆ ದೊಡ್ಡವು ಸಮುದ್ರದಲ್ಲಿ ಚೆನ್ನಾಗಿಯೇ ಇದ್ದವು, ಬೋನುಗಳು ತುಂಬಿಯೇ ಬರುತ್ತಿದ್ದವು. ಆದರೂ ಬರಗಾಲ ಬರುವ ಮೊದಲೇ ಹಿಡಿಯುವುದನ್ನು ತಗ್ಗಿಸಿದರು, ಆಮೇಲೆ 2010ರ ಸುಮಾರಿಗೆ ವೃತ್ತಿಯವರ ಒಟ್ಟು ಮಾಲಿಗೇ ಮಿತಿ ಹಾಕಿ ಅದನ್ನು ಹಂಚಿಕೊಟ್ಟರು. ಇದೇ ಮೀನುಗಾರಿಕೆ 2000ದಲ್ಲಿ, ಕಡಲನ್ನು ಬರಿದು ಮಾಡದೆ ಹಿಡಿಯುವವರಿಗೆ ಮನ್ನಣೆ ಕೊಡುವ ಮರೀನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆಯ ಪ್ರಮಾಣಪತ್ರವನ್ನು ಜಗತ್ತಿನಲ್ಲೇ ಮೊದಲಿಗೆ ಪಡೆದದ್ದು. ಹವ್ಯಾಸಿಯ ಎಣಿಕೆ ಬೇರೆಯೇ ಇರುತ್ತದೆ, ಅದನ್ನು ಪರವಾನಗಿ ಪಡೆದವರನ್ನು ಕೇಳಿ ಅಂದಾಜು ಮಾಡುತ್ತಾರೆ.

ಮುಳುಗುವ ವಿಧಾನವನ್ನೇ ಮಿತಿಯಾಗಿ ಮಾಡಿಕೊಂಡ ಕಡೆಗಳೂ ಇವೆ. ದಕ್ಷಿಣ ಆಫ್ರಿಕಾದಲ್ಲಿ ಹವ್ಯಾಸಿಗಳು ಆಮ್ಲಜನಕದ, ಕ್ಷಮಿಸಿ, ಗಾಳಿಯ ಸಿಲಿಂಡರ್ ಹೊತ್ತು ರಾಕ್ ಲಾಬ್‌ಸ್ಟರ್ ಹಿಡಿಯುವಂತಿಲ್ಲ. ಒಂದೇ ಉಸಿರಿನಲ್ಲಿ ಇಳಿದು ಬರಬೇಕು. ಆಳದಲ್ಲಿರುವ ದೊಡ್ಡ ತಾಯಂದಿರಿಗೆ ಇದೇ ಕೋಟೆ. ಅಮೆರಿಕದ ಮೇನ್ ರಾಜ್ಯದಲ್ಲಂತೂ ಮುಳುಗಿ ಹಿಡಿಯುವುದೇ ನಿಷಿದ್ಧ, ಬೋನಿನಿಂದ ಮಾತ್ರ. ಅಲ್ಲಿ ಕನಿಷ್ಠದ ಜೊತೆ 5 ಇಂಚಿನ ಗರಿಷ್ಠ ಅಳತೆಯೂ ಇದೆ, ಮೀರಿದ್ದನ್ನು ಬಿಡಬೇಕು. ನನ್ನನ್ನು ಕೇಳಿದರೆ ಆರು, ಎಂಟು ಎಂದು ಚರ್ಚಿಸುವುದಕ್ಕಿಂತ ಈ ಗರಿಷ್ಠ ಅಳತೆಯನ್ನು ಎಲ್ಲೆಡೆ ತಂದರೆ ಹೆಚ್ಚು ಪ್ರಯೋಜನ.

ನವನಗರ, ಹುಬ್ಬಳ್ಳಿ

ಎಲ್ಲವನ್ನೂ ಓದಿದೆ. ಹೊಟ್ಟೆಪಾಡಿಗೆ ಹಿಡಿಯುವವರದು ಒಂದು ಮಾತು. ನಿವೃತ್ತಿಯ ಹಣದಲ್ಲಿ ವಿಮಾನ ಹತ್ತಿ ಹೋಗಿ ಮೋಜಿಗಾಗಿ ಒಂದು ಜೀವದ ಕಾಲು ಕಿತ್ತು ಬಂದು, ಅದಕ್ಕೆ ಸುಸ್ಥಿರತೆಯ ಲೆಕ್ಕ ಕೇಳುವುದು ವಿಚಿತ್ರವೆನಿಸುತ್ತದೆ. ಹವ್ಯಾಸದ ಹಿಡಿತವನ್ನು ಪೂರ್ತಿ ನಿಲ್ಲಿಸಬಾರದೇಕೆ?

ವರದಾ ತೀರ, ಹಾವೇರಿ

ನವನಗರದವರ ಆಕ್ಷೇಪಣೆಯಲ್ಲಿ ನೀತಿಯ ಭಾಗವನ್ನು ನಾನು ಮುಟ್ಟುವುದಿಲ್ಲ. ಮಾಲಿನ ಲೆಕ್ಕದಲ್ಲಿ ಹೇಳುವುದಾದರೆ, ಫ್ಲೋರಿಡಾದಲ್ಲಿ ದೊಡ್ಡ ಪಾಲು ವೃತ್ತಿಯವರ ಬೋನುಗಳದ್ದು, ಮುಳುಗುವವರದ್ದಲ್ಲ. ಇನ್ನೊಂದು ವಿಚಿತ್ರವಿದೆ: ನಮ್ಮ ಗುರುಗಳು ಗಿಡ್ಡ ಲಾಬ್‌ಸ್ಟರನ್ನು ನೀರಿನಿಂದ ಮೇಲೆತ್ತುವಂತೆಯೂ ಇರಲಿಲ್ಲ, ಆದರೆ ಬೋನಿನವರು ನಿಗದಿತ ಸಂಖ್ಯೆಯಷ್ಟು ಗಿಡ್ಡವನ್ನು ದೋಣಿಯ ನೀರ್ತೊಟ್ಟಿಯಲ್ಲಿ ಇಟ್ಟುಕೊಂಡು ಬೋನಿನಲ್ಲಿ ಕರೆಪ್ರಾಣಿಯಾಗಿ ಬಳಸಬಹುದು. ಇವು ಒಂದರ ವಾಸನೆಗೆ ಇನ್ನೊಂದು ಬಂದು ಗುಂಪುಗೂಡುತ್ತವೆ, ಅದಕ್ಕಾಗಿ. ನಿಷೇಧ ಹೇರುವುದಾದರೆ ಎಲ್ಲಿಂದ ಆರಂಭಿಸಬೇಕು ಎಂಬುದು ಅಷ್ಟು ಸರಳವಲ್ಲ. ಆದರೆ ಆ ಎರಡು ದಿನ ಒಂದೇ ಕಡೆ ಜನ ಮುಗಿಬೀಳುವುದರಿಂದ ದಡದ ಹತ್ತಿರದ ಬಂಡೆಗಳು ಬರಿದಾಗುತ್ತವೆ ಎಂಬುದು ನಿಜ.

ಬೆಟಗೇರಿ, ಗದಗ

ನೇತ್ರಾಣಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕರಾವಳಿಯಲ್ಲಿ ಕಡಲ ಮಾಲು ರಫ್ತು ಮಾಡುವ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ, ತೂಕದ ಚೀಟಿಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು.

ನಮ್ಮ ದೇಶದಲ್ಲಿ ಲಾಬ್‌ಸ್ಟರಿಗೆ ಇರುವ ಹೆಸರಾಂತ ಮಿತಿ ತಲೆಗೆ ಇಷ್ಟು ಎಂಬುದಲ್ಲ, ತೂಕದ್ದು, ಅದೂ ರಫ್ತಿಗೆ. ಕೇಂದ್ರ ವಾಣಿಜ್ಯ ಸಚಿವಾಲಯ 2003ರಲ್ಲಿ ನಾಲ್ಕು ಜಾತಿಗಳಿಗೆ ಕನಿಷ್ಠ ತೂಕ ಗೊತ್ತುಮಾಡಿತು: ಕೆಸರು ನೆಲದ ಪಾಲಿಫೇಗಸ್‌ಗೆ 300 ಗ್ರಾಂ, ಬಂಡೆಗಳ ಹೊಮಾರಸ್‌ಗೆ 200, ದೊಡ್ಡದಾಗಿ ಬೆಳೆಯುವ ಆರ್ನೇಟಸ್‌ಗೆ 500, ಚಪ್ಪಟೆ ಮೂತಿಯ ಮರಳು ಲಾಬ್‌ಸ್ಟರಿಗೆ 150. ಇದರ ಕೊರತೆ ಏನೆಂದರೆ ತೂಗುವುದು ಪ್ರಾಣಿ ಗೋದಾಮಿಗೆ ಬಂದ ಮೇಲೆ. 180 ಗ್ರಾಮಿನದು ರಫ್ತಿಗೆ ತಿರಸ್ಕೃತವಾದರೆ ಸಮುದ್ರಕ್ಕೆ ಮರಳುವುದಿಲ್ಲ, ಊರ ಹೋಟೆಲಿಗೆ ಹೋಗುತ್ತದೆ. ಗುರುಗಳು ಎಂಟು ಅಡಿ ನೀರಿನಲ್ಲಿ ಅಳೆದದ್ದಕ್ಕೂ ನಾವು ತಕ್ಕಡಿಯ ಮೇಲೆ ಅಳೆದದ್ದಕ್ಕೂ ಇರುವ ವ್ಯತ್ಯಾಸ ಇದೇ. ಮುಂಬೈ ಸಮುದ್ರದಲ್ಲಿ ಮರಳು ಲಾಬ್‌ಸ್ಟರ್ ಒಂದು ಕಾಲಕ್ಕೆ ಟ್ರಾಲ್ ಬಲೆಗಳಿಗೆ ಸಮೃದ್ಧವಾಗಿ ಸಿಗುತ್ತಿತ್ತು. 1990ರ ದಶಕದಲ್ಲಿ ಆ ಮೀನುಗಾರಿಕೆಯೇ ಕುಸಿದುಬಿತ್ತು. ತಕ್ಕಡಿಯ ನಿಯಮ ಬಂದದ್ದು ಅದಾದ ಮೇಲೆ.

ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ ಇದೆ. ಅದು ಎಲ್ಲ ಮೀನಿಗೂ ಒಟ್ಟಾಗಿ ಕೊಟ್ಟ ಬಿಡುವು, ಲಾಬ್‌ಸ್ಟರಿಗೆಂದೇ ಇರುವುದಲ್ಲ.

ಗೆಳೆಯರಿಗೆ ಹೀಗೆ ಹೇಳಿ. ನೇತ್ರಾಣಿಯಲ್ಲಿ ಕರೆದೊಯ್ಯುವುದು ನೋಡಲಿಕ್ಕೆ, ಮುಟ್ಟಬೇಡಿ ಎಂದು ಮೊದಲೇ ಹೇಳಿ ಇಳಿಸುತ್ತಾರೆ. ಲಾಬ್‌ಸ್ಟರ್ ಕೂರುವುದು ಹವಳ ಬೆಳೆದ ಬಂಡೆಗಳ ಸಂದಿಯಲ್ಲಿ. ಅದನ್ನು ಕೆಣಕಲು ಹೋಗಿ ಹವಳ ಮುರಿದರೆ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತಾಗುತ್ತದೆ, ಏಕೆಂದರೆ ಬಂಡೆ ಕಟ್ಟುವ ಹವಳಗಳು 2001ರಿಂದ ಅದರ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲೇ. ಅಷ್ಟಕ್ಕೂ ಫ್ಲೋರಿಡಾದ ಆರು ಅರ್ಥ ಪಡೆಯುವುದು ಋತು, ಅಳತೆ, ಚೀಟಿ, ಕಾವಲು ದೋಣಿ ಎಲ್ಲ ಜೊತೆಗಿದ್ದಾಗ. ಅವುಗಳಲ್ಲಿ ಸಂಖ್ಯೆಯೊಂದನ್ನೇ ಕಿತ್ತು ತಂದು ‘ನಾವೂ ಒಂದೆರಡಕ್ಕೆ ನಿಲ್ಲಿಸುತ್ತೇವೆ’ ಎಂದರೆ ಅದು ಮಿತಿಯಲ್ಲ.

ಕೆಲಗೇರಿ ದಂಡೆಯವ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ನವನಗರದವರ ಮಾತು ಚುಚ್ಚಿತು, ಚುಚ್ಚಬೇಕಾದದ್ದೇ. ನಿನ್ನೆ ಗೆಳೆಯರಿಗೆ ಗದಗದವರ ಉತ್ತರವನ್ನು ಓದಿ ಹೇಳಿದೆ. ಮುರುಡೇಶ್ವರದ ಪ್ರವಾಸ ಇದೆ, ಬಲೆಚೀಲ ಇಲ್ಲ.

ಒಂದು ಸಣ್ಣ ವಿಷಯ ಉಳಿದಿದೆ. ಅಳತೆಪಟ್ಟಿಯೇ ನಿಜವಾದ ಮಿತಿ ಎಂದು ಹಾವೇರಿಯವರು ಬರೆದದ್ದನ್ನು ಓದಿ, ನೆನಪಿಗೆಂದು ತಂದಿದ್ದ ಆ ಪ್ಲಾಸ್ಟಿಕ್ ಪಟ್ಟಿಯನ್ನು ಹಳೆಯ ಅಭ್ಯಾಸದಂತೆ ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿದು ನೋಡಿದೆ. 76.2 ಮಿಲಿಮೀಟರ್ ಇರಬೇಕಾದ ಬಾಯಿ, ಅಂಚು ಸವೆದು 77.1ಕ್ಕೆ ಅಗಲಿಸಿದೆ. ಹಾಗಾದರೆ ನಾನು ಬಿಟ್ಟದ್ದು ಗಿಡ್ಡವೇ ಆಗಿತ್ತೋ ಇಲ್ಲವೋ ಈಗ ಹೇಳಲಾಗದು. ತಪ್ಪು ಲಾಬ್‌ಸ್ಟರಿನ ಕಡೆಗೇ ವಾಲಿದೆ ಎಂಬುದು ಸಮಾಧಾನ; ಆದರೂ ಒಳಕ್ಕೆ ಬಾಗುವ ಪಟ್ಟಿಗಳೂ ಇರುತ್ತವಾದ್ದರಿಂದ, ಮುಂದಿನ ಜುಲೈಗೆ ಲೋಹದ್ದನ್ನು ಕೊಳ್ಳುವಂತೆ ಅಳಿಯನಿಗೆ ಬರೆದಿದ್ದೇನೆ.