ಸಹಾಯ ಬೇಕು: ಸಾಲ ವಸೂಲಿ ದಾವೆಗೆ ಉತ್ತರ ಮತ್ತು ರಾಜಿ

ಮಾನ್ಯರೇ,

ನನ್ನ ಅಣ್ಣನವರು 2021ರಲ್ಲಿ ಖಾಸಗಿ ಹಣಕಾಸು ಸಂಸ್ಥೆಯೊಂದರಿಂದ 3 ಲಕ್ಷ ರೂಪಾಯಿ ವೈಯಕ್ತಿಕ ಸಾಲ ಪಡೆದಿದ್ದರು. ಅಂಗಡಿ ಮುಚ್ಚಿದ ಮೇಲೆ ಕಂತುಗಳು ನಿಂತವು. ಈಗ ಸಂಸ್ಥೆಯು ಸಿವಿಲ್ ನ್ಯಾಯಾಲಯದಲ್ಲಿ ಹಣ ವಸೂಲಿ ದಾವೆ ಹೂಡಿದ್ದು, ಸಮನ್ಸ್ ಜೊತೆಗೆ ವಾದಪತ್ರದ ಪ್ರತಿ ಕೈಸೇರಿದೆ. 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು, ತಪ್ಪಿದರೆ ಏಕಪಕ್ಷೀಯ ಡಿಕ್ರಿಯಾಗುವ (ನಮ್ಮ ವಾದ ಕೇಳದೆಯೇ ತೀರ್ಪಾಗುವ) ಅಪಾಯವಿದೆ ಎಂಬುದು ತಿಳಿದಿರುವುದರಿಂದ ವಕೀಲರನ್ನು ಹುಡುಕುತ್ತಿದ್ದೇವೆ.

ಸಾಲ ಪಡೆದದ್ದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರ ಲೆಕ್ಕಪಟ್ಟಿಯಲ್ಲಿ ಯುಪಿಐ ಮೂಲಕ ಕಟ್ಟಿದ ಎರಡು ಕಂತುಗಳು ಜಮೆಯಾಗಿಲ್ಲ. ದಂಡ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿದ್ದಾರೆ. ಹಾಗೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯು ಅದಕ್ಕಿಂತ ಹಿಂದಿನ ಅವಧಿಯ ದಂಡಕ್ಕೂ ಅನ್ವಯಿಸುತ್ತದೆಯೇ? ರಾಜಿಗೆ ಸಿದ್ಧರಿದ್ದೇವೆಂದು ಪತ್ರ ಬರೆದರೆ, ಅವರು ಕೇಳುವ ಪೂರ್ತಿ ಮೊತ್ತವನ್ನು ಒಪ್ಪಿಕೊಂಡಂತೆ ಆಗುತ್ತದೆಯೇ?

ವಸೂಲಿಗೆ ಬಂದವರು ಸಹಿ ಹಾಕಿದ ಖಾಲಿ ಚೆಕ್‌ಗಳನ್ನು ಕೊಟ್ಟರೆ ದಾವೆ ಹಿಂಪಡೆಯುತ್ತೇವೆ ಎನ್ನುತ್ತಿದ್ದಾರೆ. ನಾಳೆ ಅವೇ ಚೆಕ್‌ಬೌನ್ಸ್ ಪ್ರಕರಣಕ್ಕೆ ಆಧಾರವಾಗಬಹುದೆಂದು ನಾನು ಬೇಡವೆಂದೆ. ಬಾಯಿಮಾತಿನ ಭರವಸೆಗಿಂತ ಲೋಕ ಅದಾಲತ್‌ನಲ್ಲಿ ರಾಜಿಯಾಗುವುದೇ ಮೇಲೆಂಬುದು ನನ್ನ ಅಭಿಪ್ರಾಯ. ಆದರೆ ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲದ ಕಾರಣ, ಕಂತುಗಳ ದಿನಾಂಕ, ಬಡ್ಡಿ ಮನ್ನಾ, ಬಾಕಿ ಇಲ್ಲವೆಂಬ ಪ್ರಮಾಣಪತ್ರ ಇವುಗಳ ಜೊತೆಗೆ ರಾಜಿ ಅರ್ಜಿಯಲ್ಲಿ ಇನ್ನೇನನ್ನು ಬರೆಸಿಕೊಳ್ಳಬೇಕು? ಇಂತಹ ದಾವೆ ನಡೆಸಿದ ವಕೀಲರು ಅಥವಾ ರಾಜಿ ಮಾಡಿಕೊಂಡವರು ದಯವಿಟ್ಟು ತಿಳಿಸಿ.